ಒತ್ತಿದರೆ ಸಾಯುವ ಪೆಟ್ಟಿಗೆ

ಹಸಿರು ತಂತಿಗೂ ಅದರ ಪಕ್ಕದ ಕಪ್ಪು ತಂತಿಗೂ ನಡುವೆ ಹೆಂಡತಿಯ ಹೇರ್‌ಪಿನ್ನನ್ನು ಸಿಕ್ಕಿಸಿದ್ದೇ ತಡ, ತಗಡಿನ ಪೆಟ್ಟಿಗೆಯೊಳಗಿನ ಫ್ಯಾನು ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಕರಕರ ಎನ್ನುತ್ತ ತಿರುಗತೊಡಗಿತು. ಮತ್ತು ಅವನಿಗೆ, ಈ ಭಾನುವಾರ ಮಧ್ಯಾಹ್ನದಿಂದ ಅದೆಷ್ಟನೆಯ ಸಲವೋ, ತಾನು ಜಾಣ ಎಂಬ ಹೆಮ್ಮೆಯೂ ತಾನು ಕಳ್ಳ ಎಂಬ ಅಳುಕೂ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಲು ಹೋಗಿ ಭುಜಕ್ಕೆ ಭುಜ ತಾಗಿ ಸಿಕ್ಕಿಕೊಂಡವು. ಸಾಮಾನು ತುಂಬುವ ಆ ಕೋಣೆಯಲ್ಲಿ ಇಸ್ತ್ರಿಗೆ ಕಾದ ಬಟ್ಟೆಗಳ ಗುಡ್ಡ, ಹಿಡಿ ಮುರಿದ ಸೂಟ್‌ಕೇಸು, ಮಗಳು ಚಿಕ್ಕವಳಿದ್ದಾಗಿನ ಮೂರು ಗಾಲಿಯ ಸೈಕಲ್ಲು, ಇವುಗಳ ನಡುವೆ ಒಂದು ಸ್ಟೂಲಿಗೂ ಒಂದು ಹಲಗೆಗೂ ಆಗುವಷ್ಟು ಜಾಗ ಉಳಿದಿತ್ತು. ಸ್ಟೂಲಿನ ಮೇಲೆ ಅವನು, ಹಲಗೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕ ರೇಡಿಯೊ. ಪೆಟ್ಟಿಗೆಯ ಹೊಟ್ಟೆಯಿಂದ ಹೊರಬಿದ್ದ ಬಣ್ಣಬಣ್ಣದ ತಂತಿಗಳಲ್ಲಿ ಹಳದಿಯವನ್ನೆಲ್ಲ ಒಟ್ಟು ಹೆಣೆದು ರೇಡಿಯೊಗೆ ಕೊಟ್ಟಿದ್ದ. ಕೆಂಪು ತಂತಿಗೆ ಸ್ಕೂಟರಿನ ಬ್ರೇಕಿನ ಬಲ್ಬೊಂದನ್ನು ಕಟ್ಟಿದ್ದ. ಅದು ಸುಮ್ಮನೆ ಉರಿಯುತ್ತಿರಬೇಕು, ಬೆಳಕಿಗಲ್ಲ, ಭಾರಕ್ಕೆ. ಈ ಬಗೆಯ ಪೆಟ್ಟಿಗೆ ಒಂದು ಕಡೆ ಏನಾದರೂ ಹೊರೆ ಹೊತ್ತುಕೊಂಡಿದ್ದರೇನೇ ಇನ್ನೊಂದು ಕಡೆ ನೆಟ್ಟಗೆ ನಡೆದುಕೊಳ್ಳುವುದು. ಅದನ್ನು ಎಲ್ಲೋ ಓದಿದ ದಿನ ಯಾರೋ ತನ್ನನ್ನು ನೋಡಿಯೇ ಬರೆದಿದ್ದಾರೆ ಎನ್ನಿಸಿತ್ತು. ರೇಡಿಯೊದ ಪುಟ್ಟ ಕಿಟಕಿಯಲ್ಲಿ ಅಂಕಿಗಳು ಬೆಳಗಿದವು. ದನಿಗಳು ಬಂದವು. ಹೆಂಡತಿಯ ಅಣ್ಣ, ಅಂದರೆ ಭಾವ, ಹ್ಯಾಮ್ ರೇಡಿಯೊ ಕ್ಲಬ್ಬಿನ ದಂತವೈದ್ಯರೊಂದಿಗೆ ಆಂಟೆನಾ ವಿಷಯ ಮಾತಾಡುತ್ತಿದ್ದರು. ಭಾವ ಮಾತಾಡುತ್ತಿದ್ದರು, ದಂತವೈದ್ಯರು ತಮ್ಮ ರೋಗಿಗಳಂತೆ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಒಂದೊಂದು ಅಕ್ಷರವೂ ಸ್ಫಟಿಕ. ಅವನು ಮೈಕನ್ನು ಬಾಯಿಯ ಹತ್ತಿರ ತಂದು, ಉಸಿರು ಎಳೆದುಕೊಂಡು, ಹೆಬ್ಬೆರಳಿನಿಂದ ಗುಂಡಿ ಒತ್ತಿದ. ಟಕ್. ಫ್ಯಾನು ನಿಂತಿತು, ಬಲ್ಬು ಆರಿತು, ಅಂಕಿಗಳು ಮಾಯವಾದವು, ಭಾವನೂ ದಂತವೈದ್ಯರೂ ಒಟ್ಟಿಗೆ ತೀರಿಕೊಂಡರು.

"ಅಪ್ಪಾ, ಮತ್ತೆ ಸತ್ತೋಯ್ತಾ?" ಎಂದು ಪಕ್ಕದ ಕೋಣೆಯಿಂದ ಮಗಳು ಕೂಗಿದಳು. ನಾಳೆ ಅವಳಿಗೆ ಪರೀಕ್ಷೆ.

"ನೀನು ಓದ್ಕೋ."

"ಓದ್ತಾನೇ ಇದೀನಿ. ಅದು ಸಾಯೋವಾಗೆಲ್ಲ ನೀನು 'ಛೆ' ಅಂತೀಯಲ್ಲ, ಆ 'ಛೆ'ಗೆ ಗಮನ ಹೋಗತ್ತೆ."

ಪೆಟ್ಟಿಗೆ ಏಕೆ ಸಾಯುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಕಂಪ್ಯೂಟರಿನ ಹೊಟ್ಟೆಗೆ ಹಿತಮಿತವಾಗಿ ಬಡಿಸಿಕೊಂಡು ಬಂದ ಪವರ್ ಸಪ್ಲೈ ಅದು. ಕಾರಿನ ಬ್ಯಾಟರಿಯ ಬಲದ ಮೇಲೆ ಓಡಲೆಂದು ಮಾಡಿದ ಈ ರೇಡಿಯೊ ಕೇಳುವಾಗ ಬೆಕ್ಕಿನಂತೆ ನೆಕ್ಕುತ್ತದೆ, ಮಾತಾಡಲು ಹೊರಟಿತೋ ಒಂದೇ ಗುಟುಕಿಗೆ ಕೊಡವೇ ಬೇಕು ಅನ್ನುತ್ತದೆ. ಪೆಟ್ಟಿಗೆ ಗಾಬರಿಬಿದ್ದು ಬಾಗಿಲು ಹಾಕಿಕೊಳ್ಳುತ್ತದೆ. ಇದಕ್ಕೆ ಔಷಧವೂ ರೇಡಿಯೊದ ಮುಖದ ಮೇಲೇ ಇತ್ತು, ಎಡಗಡೆಯ ಮೂಲೆಯ ಒಂದು ಪುಟ್ಟ ಗುಂಡಿ. ಅದನ್ನು ಒತ್ತಿದರೆ ಐವತ್ತು ವ್ಯಾಟ್ ಇಳಿದು ಐದಾಗುತ್ತದೆ. ಐದು ವ್ಯಾಟಿನಲ್ಲಿ ಮಾತಾಡಿದರೆ ಪೆಟ್ಟಿಗೆ ಸಾಯುವುದಿಲ್ಲ, ದನಿ ಊರಿನ ಆಚೆ ದಂಡೆಯವರೆಗೂ ಹೋಗುತ್ತದೆ, ಎಲ್ಲ ಸುಖವಾಗಿ ಮುಗಿಯುತ್ತದೆ. ಮಧ್ಯಾಹ್ನದಿಂದ ಅವನ ಬೆರಳು ಆ ಗುಂಡಿಯ ಹತ್ತಿರ ಹೋಗಿ, ಸಾಲ ಕೇಳಲು ಬಂದವನು ಬಾಗಿಲ ಕರೆಗಂಟೆಯ ಮುಂದೆ ನಿಂತು ಹಿಂದಿರುಗುವಂತೆ, ಹಿಂದಿರುಗುತ್ತಿತ್ತು. ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರ ಆ ಕ್ಲಬ್ಬಿನ ಭಾನುವಾರದ ಹಾಜರಿಯಲ್ಲಿ ಒಬ್ಬೊಬ್ಬರೂ ತಮ್ಮ ಕರೆಯ ಸಂಕೇತ, ಎಲ್ಲಿಂದ ಮಾತಾಡುತ್ತಿದ್ದೇವೆ, ಎಷ್ಟು ವ್ಯಾಟ್, ಇಷ್ಟನ್ನು ಹೇಳಬೇಕೆಂಬುದು ಭಾವ ಹಾಕಿಕೊಟ್ಟ ಪದ್ಧತಿ. ಹಿಂದೊಮ್ಮೆ ಬೇಕರಿಯವನು ಹೊಸದಾಗಿ ಲೈಸೆನ್ಸ್ ಪಡೆದು, ಹಿಟ್ಟಿನ ಮೂಟೆಗಳ ನಡುವೆ ಕೂತು ನಡುಗುವ ದನಿಯಲ್ಲಿ "ಐದು ವ್ಯಾಟ್, ಓವರ್" ಅಂದಿದ್ದ. "ಐದಾ?" ಅಂದಿದ್ದರು ಭಾವ, "ಮಲಗೋ ಕೋಣೆ ದೀಪದಲ್ಲಿ ಮಾತಾಡ್ತಿದೀರಾ? ಹೆಂಡತಿಗೆ ಕೇಳಿಸ್ತಾ?" ಒಬ್ಬರಾದ ಮೇಲೆ ಒಬ್ಬರು ಗುಂಡಿ ಒತ್ತಿ ನಕ್ಕಿದ್ದರು, ಪ್ರತಿಯೊಂದು ನಗುವಿಗೂ ಕೊನೆಯಲ್ಲಿ ಕ್ರಮಬದ್ಧವಾಗಿ "ಓವರ್" ಸೇರಿಸಿ. ಅವನೂ ನಕ್ಕಿದ್ದ. ಅವನ ನಗು ಯಾರಿಗೂ ಕೇಳಿಸಲಿಲ್ಲ, ಆಗ ಅವನ ಬಳಿ ಕೇಳುವ ಸೆಟ್ಟು ಮಾತ್ರ ಇತ್ತು. ಆದರೂ ಇಸ್ತ್ರಿ ಬಟ್ಟೆಗಳ ಮುಂದೆ ಒಬ್ಬನೇ ಕೂತು ಒಬ್ಬ ಬೇಕರಿಯವನ ಮಾತಿಗೆ ನಕ್ಕವನು ತಾನು ಎಂಬುದು ಅವನಿಗೆ ಗೊತ್ತಿತ್ತು. ಬೇಕರಿಯವನು ಆಮೇಲೆ ಹಾಜರಿಗೆ ಬರಲಿಲ್ಲ. ಬ್ರೆಡ್ಡು ತರಲು ಹೋದಾಗ ಈಗಲೂ ಅವನು ಆ ಮನುಷ್ಯನ ಕೈಯನ್ನಷ್ಟೇ ನೋಡುತ್ತಾನೆ, ಮುಖ ನೋಡುವುದಿಲ್ಲ.

ಕ್ಲಬ್ಬಿನಲ್ಲಿ ಅವನ ಹೆಸರು ಕಿವಿ. ಲೈಸೆನ್ಸ್ ಪರೀಕ್ಷೆ ಪಾಸಾಗಿ ವರ್ಷಗಳಾದರೂ ಒಂದು ದಿನ ಗಾಳಿಯಲ್ಲಿ ದನಿ ಎತ್ತದೆ, ಎಲ್ಲರದನ್ನೂ ಕೇಳಿಸಿಕೊಂಡು, ತಿಂಗಳ ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತು ಬಿಸ್ಕತ್ತು ತಿಂದು ಹೋಗುತ್ತಿದ್ದವನಿಗೆ ಹೆಂಡತಿಯ ಅಣ್ಣನೇ ಇಟ್ಟ ಹೆಸರು. "ಬನ್ನಿ, ಬನ್ನಿ, ಕಿವಿಯವರು ಬಂದ್ರು, ಇನ್ನು ಯಾರೂ ಗುಟ್ಟು ಮಾತಾಡ್ಬೇಡಿ." ಭಾವ ಎಲ್ಲರಿಗೂ ಬಹುವಚನ ಕೊಡುತ್ತಿದ್ದರು, ಕೊಡುವ ರೀತಿಯಲ್ಲೇ ಕಿತ್ತುಕೊಳ್ಳುತ್ತಿದ್ದರು. ಹೋದ ತಿಂಗಳ ಸಭೆಯಲ್ಲಿ ಅವರು ತಮ್ಮ ಕಾರಿನ ಹಳೆಯ ಸೆಟ್ಟನ್ನು ಎಲ್ಲರೆದುರು ಅವನ ತೊಡೆಯ ಮೇಲಿಟ್ಟು, "ಇದು ನಿಮಗೆ" ಅಂದರು. ಚಪ್ಪಾಳೆ. ಚಪ್ಪಾಳೆ ನಿಲ್ಲುವವರೆಗೆ ಕಾದು, "ಕಾರು ಎಲ್ಲಿದೆ ಅಂತ ಮಾತ್ರ ಕೇಳ್ಬೇಡಿ" ಅಂದರು. ದೊಡ್ಡ ಚಪ್ಪಾಳೆ. "ಮನೇಲಿ ಇಟ್ಕೊಂಡು ನಡೆಸ್ಬೇಕಾದ್ರೆ ಒಳ್ಳೆ ಸಪ್ಲೈ ಬೇಕಾಗತ್ತೆ, ನನ್ನ ಕೇಳಿ, ಯಾವುದು ಕೊಳ್ಳಬೇಕು ಹೇಳ್ತೀನಿ." ಆಗ, ಯಾವತ್ತೂ ಹಿಂದಿನ ಸಾಲಿನಿಂದ ಬಾಯಿ ಬಿಡದ ಅವನು, ಯಾಕೆಂದು ಈಗಲೂ ತಿಳಿಯದು, "ಬೇಡ ಭಾವ, ನಾನೇ ಮಾಡ್ಕೋತೀನಿ" ಅಂದುಬಿಟ್ಟಿದ್ದ. ಭಾವ ಅವನನ್ನು ಹೊಸದಾಗಿ ನೋಡುವವರಂತೆ ನೋಡಿ, "ಆಗ್ಲಿ. ಈ ತಿಂಗಳ ಕೊನೆ ಭಾನುವಾರದ ಹಾಜರಿಗೆ ನಿಮ್ಮ ದನಿ ಬರ್ಲಿ. ಬರಲಿಲ್ವೋ, ಸೆಟ್ಟು ವಾಪಸ್ ಕೊಟ್ಬಿಡಿ, ಕಾರಿರೋರು ಯಾರಾದ್ರೂ ತಗೋತಾರೆ" ಎಂದರು. ಆ ಕೊನೆಯ ಭಾನುವಾರ ಇವತ್ತು. ಸಂಜೆ ಏಳಕ್ಕೆ ಹಾಜರಿ. ದನಿ ಬರಬೇಕು. ಐವತ್ತು ವ್ಯಾಟಿನ ದನಿ ಬರಬೇಕು, ಮಲಗುವ ಕೋಣೆಯ ದೀಪದ್ದಲ್ಲ.

ಅವನು ಹೇರ್‌ಪಿನ್ನನ್ನು ಕಿತ್ತು, ಪೆಟ್ಟಿಗೆಗೆ ಸುಧಾರಿಸಿಕೊಳ್ಳಲು ಸಮಯ ಕೊಟ್ಟು, ಹಳದಿ ತಂತಿಗಳ ಗಂಟನ್ನು ಬಿಚ್ಚಿ ಇನ್ನೂ ಬಿಗಿಯಾಗಿ ಹೆಣೆದ. ದನಿ ಅನ್ನುವುದರ ಬಗ್ಗೆ ಅವನಿಗೆ ಅನುಭವವಿಲ್ಲವೆಂದಲ್ಲ. ಬಸ್ ಡಿಪೋದ ವಿಚಾರಣೆ ಕಿಟಕಿಯಲ್ಲಿ ಬೆಳಗಿನ ಪಾಳಿಯುದ್ದಕ್ಕೂ ಮಾತಾಡುವುದೇ ಅವನ ಕೆಲಸ. ಆದರೆ ಆ ಕಿಟಕಿಯ ಗಾಜಿಗೆ ತೂತು ಕೊರೆದವನು ಯಾವ ಲೋಕದ ಅಳತೆ ಹಿಡಿದಿದ್ದನೋ, ತೂತುಗಳು ಎದೆಯ ಮಟ್ಟದಲ್ಲಿದ್ದವು. ಮಾತಾಡಲು ಅವನು ಬಾಗಬೇಕು, ಕೇಳಲು ಆಚೆಯವರು ಬಾಗಬೇಕು, ಹೀಗೆ ಇಬ್ಬರೂ ಬಾಗಿ ಒಬ್ಬರ ನೆತ್ತಿ ಒಬ್ಬರು ನೋಡಿಕೊಂಡು, "ಏನಂದ್ರಿ?" "ಮೂರನೇ ಅಂಕಣ." "ಏನಂದ್ರಿ?" ಎಂದು ಕೊನೆಗೆ ಆಚೆಯವರು ಪಕ್ಕದಲ್ಲಿ ನಿಂತ ಹಣ್ಣಿನವಳನ್ನು ಕೇಳಿ ತಿಳಿದುಕೊಂಡು ಹೋಗುತ್ತಿದ್ದರು. ಹಣ್ಣಿನವಳಿಗೆ ಎಲ್ಲ ಬಸ್ಸೂ ಗೊತ್ತಿತ್ತು. ಒಮ್ಮೆ ಅವಳೇ ಬಂದು ತೂತಿನ ಹತ್ತಿರ ಬಾಗಿ, "ಸಾರ್, ಇವತ್ತು ನೀವು ರಜಾ ಹಾಕಿದ್ರೂ ನಡೀತಿತ್ತು" ಎಂದು ಪ್ರೀತಿಯಿಂದಲೇ ಹೇಳಿದ್ದಳು.

ಪೆಟ್ಟಿಗೆ ಎಲ್ಲಿಂದ ಬಂತು ಎಂಬುದನ್ನು ನೆನೆಯದೇ ಇರಲು ಅವನು ತಂತಿ ಹೆಣೆಯುತ್ತಿದ್ದ, ಹೆಣೆಯುತ್ತ ಅದನ್ನೇ ನೆನೆಯುತ್ತಿದ್ದ. ಮೊದಲು ಗುಜರಿ ಅಂಗಡಿಗೆ ಹೋಗಿದ್ದು ನಿಜ. ಅಲ್ಲಿದ್ದ ಸಪ್ಲೈಗಳೆಲ್ಲ ಸುಟ್ಟು ಕರಕಲು, ಮೂಸಿದರೆ ಗೊತ್ತಾಗುವಂಥವು. ಆಮೇಲಿನ ಒಂದು ಮಧ್ಯಾಹ್ನ ಹೆಂಡತಿ ಅಣ್ಣನ ಮನೆಗೆ ಹೋಗಿದ್ದಾಗ, ನಡುಮನೆಯ ಮೇಜಿನ ಮೇಲಿನ ಕಂಪ್ಯೂಟರನ್ನು ಸುಮ್ಮನೆ ತೆರೆದು ನೋಡೋಣ ಎಂದುಕೊಂಡ. ಸುಮ್ಮನೆ ಎಂಬ ಮಾತಿನ ಮೇಲೆ ಅವನ ಬದುಕಿನ ದೊಡ್ಡ ತಪ್ಪುಗಳೆಲ್ಲ ನಿಂತಿವೆ. ತೆರೆದ. ಹಳದಿ ತಂತಿಗಳು ಒಳಗಿನಿಂದ ಅವನನ್ನೇ ನೋಡಿದವು. ಕತ್ತರಿ ಕೈಯಲ್ಲಿತ್ತು. ಎಲ್ಲ ಮುಗಿದ ಮೇಲೆ, ಸಪ್ಲೈ ಇಲ್ಲದ ಕಂಪ್ಯೂಟರಿಗೆ ಮುಚ್ಚಳ ಹಾಕಿ, ಒಂದು ಸ್ಕ್ರೂ ಕೂಡ ಬಿಡದೆ ಬಿಗಿದು, ಮೊದಲಿನಂತೆಯೇ ನಿಲ್ಲಿಸಿದ. ಹಾಗೆ ಬಿಗಿಯುವಾಗ ಅವನ ಕೈಗಳಿಗೆ ಎಷ್ಟು ಚೆನ್ನಾಗಿ ಸುಳ್ಳು ಹೇಳಲು ಬರುತ್ತದೆ ಎಂಬುದು ಅವನಿಗೇ ಆಶ್ಚರ್ಯವಾಗಿತ್ತು. ಸಂಜೆ ಅವಳು ಬಂದು ಗುಂಡಿ ಒತ್ತಿದಳು. ಇನ್ನೊಮ್ಮೆ ಒತ್ತಿದಳು, ನಿದ್ದೆಯಲ್ಲಿದ್ದವರನ್ನು ಎಬ್ಬಿಸುವಂತೆ, ಮೆಲ್ಲಗೆ.

"ಬೋರ್ಡು ಹೋಗಿದೆ ಕಣೇ," ಅಂದಿದ್ದ ಅವನು ಬೆನ್ನಹಿಂದೆ ನಿಂತು, ಡಾಕ್ಟರ ದನಿಯಲ್ಲಿ.

"ನಿನ್ನೆ ಚೆನ್ನಾಗಿತ್ತಲ್ರೀ."

"ಹಾಗೇ ಆಗೋದು. ಹಾರ್ಟ್ ಇದ್ದ ಹಾಗೆ. ನಿನ್ನೆವರೆಗೂ ಚೆನ್ನಾಗೇ ಇರತ್ತೆ."

"ರಿಪೇರಿಯವನಿಗೆ ತೋರ್ಸಿದ್ರೆ?"

"ಏನಂತ ತೋರ್ಸೋದು? ಬೋರ್ಡೇ ಹೋದ ಮೇಲೆ ಇನ್ನೇನಿದೆ."

ಅವಳು ನಂಬಿದಳು. ಅಥವಾ ತಲೆಯಾಡಿಸಿದಳು. ಮಗಳಿಗೆ ಆ ಯಂತ್ರ ಬೇಡವಾಗಿ ಎಷ್ಟೋ ಕಾಲವಾಗಿತ್ತು, ಅವನು ಅದನ್ನು ಮುಟ್ಟುತ್ತಲೇ ಇರಲಿಲ್ಲ, ಅದು ಅವಳದು. ಬೆಳಗ್ಗೆಯಿಂದ ಶಿಶುವಿಹಾರದಲ್ಲಿ ಇಪ್ಪತ್ತೋ ಮೂವತ್ತೋ ಮಕ್ಕಳ ಮೂಗು ಒರೆಸಿ ಬಂದು, ಊಟದ ಪಾತ್ರೆ ತೊಳೆದಿಟ್ಟು, ಅವಳು ಆ ಮೇಜಿನ ಮುಂದೆ ಒಂದು ಕಾಲು ಮಡಚಿ ಕೂತು ಒಬ್ಬಳೇ ಇಸ್ಪೀಟು ಆಡುತ್ತಿದ್ದಳು. ದಿನಕ್ಕೊಂದೇ ಆಟ, ಹೆಚ್ಚೆಂದರೆ ಎರಡು. "ಏಳೋ ಮುದುಕಾ, ಎಷ್ಟು ಹೊತ್ತು ಕೂತಿರ್ತೀಯ ಅಲ್ಲೇ," ಎಂದು ರಾಜನನ್ನು ಗದರುವಳು. "ನೀನು ಬಾರಮ್ಮ," ಎಂದು ರಾಣಿಯನ್ನು ಕರೆಯುವಳು. ಗೆದ್ದಾಗ ಎಲೆಗಳೆಲ್ಲ ಪರದೆಯ ಮೇಲಿನಿಂದ ಪುಟಿಯುತ್ತ ಧಾರೆಯಾಗಿ ಸುರಿಯುತ್ತವಂತೆ. "ನೋಡ್ರಿ, ನೋಡ್ರಿ, ಬೇಗ ಬನ್ರೀ!" ಎಂದು ಕೂಗುತ್ತಿದ್ದಳು. ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೇರೆಯವರು ತಮ್ಮ ಆಂಟೆನಾ ವಿಷಯ ಮಾತಾಡುವುದನ್ನು ಕೇಳುತ್ತಿದ್ದವನು, ಬಿಚ್ಚಿಟ್ಟು ಎದ್ದು ಹೋಗುವಷ್ಟರಲ್ಲಿ ಎಲೆಗಳು ಸುರಿದು ಮುಗಿದಿರುತ್ತಿದ್ದವು. ಹೀಗೆ ಅವನು ಅದನ್ನು ಒಂದು ಸಲವೂ ನೋಡಿಲ್ಲ. ಸೋಲದೆ ಗೆದ್ದುಕೊಂಡು ಬಂದ ಆಟಗಳ ಲೆಕ್ಕವನ್ನು ಯಂತ್ರವೇ ಇಟ್ಟುಕೊಂಡಿತ್ತು, ಅವಳಿಗೆ ಅದರ ಬಗ್ಗೆ ಸಣ್ಣ ಗರ್ವವಿತ್ತು, ಶಿಶುವಿಹಾರದ ಆಯಾಗಳ ಹತ್ತಿರ ಹೇಳಿಕೊಂಡದ್ದೂ ಇರಬೇಕು. ಈಗ ಅವಳು ಪ್ರತಿದಿನ ಬೆಳಗ್ಗೆ ಆ ಖಾಲಿ ಡಬ್ಬಿಯ ಧೂಳು ಒರೆಸಿ, ಮೇಲೊಂದು ಬಟ್ಟೆ ಹೊದಿಸುತ್ತಾಳೆ. ಅವಳು ಒರೆಸುವಾಗ ಅವನು ಪೇಪರು ಓದುತ್ತಾನೆ. ಒಂದೇ ಸುದ್ದಿಯನ್ನು, ಒರೆಸಿ ಮುಗಿಯುವ ತನಕ.

ಬಾಗಿಲು ತೆರೆದ ಸದ್ದಾಯಿತು. ಪಕ್ಕದಲ್ಲಿ ಸಿಕ್ಕ ಟವೆಲನ್ನು ಎಳೆದು ಪೆಟ್ಟಿಗೆಯ ಮೇಲೆ ಹೊದಿಸಿದ. ಆಗಷ್ಟೇ ಪಿನ್ನು ಸಿಕ್ಕಿಸಿ ಜೀವ ಬರಿಸಿದ್ದ.

ಅವಳು ಚಹಾ ತಂದಿದ್ದಳು. ಚಹಾ ಇಡಲು ಜಾಗ ಹುಡುಕಿ, ಸೈಕಲ್ಲಿನ ಸೀಟಿನ ಮೇಲೆ ಇಟ್ಟಳು. "ರೀ, ಟವೆಲ್ಲು ಉರೀತಿದೆ."

"ಎಲ್ಲಿ?"

"ಒಳಗೆ ಕೆಂಪಗೆ ಕಾಣ್ತಿದೆಯಲ್ಲ."

"ಅದು ಬಲ್ಬು."

"ಟವೆಲ್ಲೊಳಗೆ ಯಾಕ್ರೀ ಬಲ್ಬು?"

"ಹೊರೆಗೆ," ಎಂದ ಅವನು. ಅದು ನಿಜವೂ ಆಗಿತ್ತು.

ಅವಳು ಸ್ವಲ್ಪ ಹೊತ್ತು ಟವೆಲ್ಲನ್ನು ನೋಡಿದಳು. ಟವೆಲ್ಲಿನ ಕೆಳಗೆ ಫ್ಯಾನು ಕರಕರ ಎನ್ನುತ್ತಿತ್ತು, ನಡುನಡುವೆ ಒಂದು ಸಣ್ಣ ಬಿಕ್ಕಳಿಕೆಯೊಂದಿಗೆ. ಅವಳ ತಲೆ ಒಂದಿಷ್ಟು ವಾಲಿತು. ಶಿಶುವಿಹಾರದಲ್ಲಿ ಯಾವ ಮಗು ಅಳುತ್ತಿದೆ ಎಂದು ಆಚೆ ಕೋಣೆಯಿಂದಲೇ ಗುರುತಿಸುವವಳು ಹಾಗೆ ವಾಲಿಸುವುದನ್ನು ಅವನು ನೋಡಿದ್ದ. "ನನ್ನ ಹೇರ್‌ಪಿನ್ ಒಂದು ಕಾಣ್ತಿಲ್ಲ," ಎಂದಳು. "ನೋಡಿದ್ರಾ?"

"ಇಲ್ಲೇ ಎಲ್ಲೋ ಇರತ್ತೆ."

"ಇರತ್ತೆ, ಇರತ್ತೆ. ಎಲ್ಲಾ ಇಲ್ಲೇ ಎಲ್ಲೋ ಇರತ್ತೆ." ಅವಳು ಹೋದಳು. ಚಹಾ ಆರುವವರೆಗೆ ಅವನು ಆ ಮಾತಿನ ಸುತ್ತ ತಿರುಗಿದ. ಅದರಲ್ಲಿ ಏನಾದರೂ ಇತ್ತೆ? ಇರಲಿಲ್ಲವೆ? ಮೊನ್ನೆ ಮೊದಲ ಸಲ ಪೆಟ್ಟಿಗೆಗೆ ಜೀವ ಬಂದಾಗಲೂ ಅವಳು ಅಡುಗೆಮನೆಯಿಂದ "ಏನ್ರೀ ಅದು ಸದ್ದು?" ಎಂದು ಕೂಗಿ, ಅವನು ಉತ್ತರ ಕೊಡುವ ಮೊದಲೇ, "ಇರ್ಲಿ ಬಿಡಿ," ಎಂದಿದ್ದಳು. ಇರ್ಲಿ ಬಿಡಿ ಎಂದರೆ ಏನನ್ನು ಇರಲಿ ಎಂದು? ಇಸ್ಪೀಟಿಲ್ಲದ ಮಧ್ಯಾಹ್ನಗಳಲ್ಲಿ ಅವಳು ಬಂದು ಅವನ ಬಳಿ ಕೂತು ಮಾತಾಡಿಸತೊಡಗಿದ್ದಳು. ನಿಮ್ಮ ಕಿಟಕಿಗೆ ಇವತ್ತು ಯಾರು ಬಂದಿದ್ದರು, ಏನು ಕೇಳಿದರು. ಅವಳ ಮಾತು ಅವನಿಗೆ ಬೇಡವೆಂದಲ್ಲ. ಒಂದೊಂದು ಪ್ರಶ್ನೆಯೂ ತಾನು ಅವಳಿಂದ ಕಿತ್ತುಕೊಂಡ ಆಟದ ಜಾಗದಲ್ಲಿ ಬಂದು ಕೂರುತ್ತಿದೆ ಎಂದು ಗೊತ್ತಾಗುತ್ತಿತ್ತು. ಉತ್ತರ ಕೊಡುವಾಗ ತಾನು ಅವಳ ಪರದೆಯ ಮೇಲಿನ ಮುದುಕ ರಾಜನಾಗಿ, ಏಳಲಾರದೆ, ಅಲ್ಲೇ ಕೂತಿದ್ದೇನೆ ಅನ್ನಿಸುತ್ತಿತ್ತು.

ಏಳಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಅವಳು ಮತ್ತೆ ಬಂದು, ಇಸ್ತ್ರಿ ಬಟ್ಟೆಗಳ ಗುಡ್ಡವನ್ನು ಒತ್ತರಿಸಿ ಅದರ ಮೇಲೇ ಕೂತಳು. "ಅಣ್ಣನ ದನಿ ಕೇಳೋಣ ಅಂತ," ಎಂದಳು. ಅವನಿಗೆ ಹೊರಗೆ ಹೋಗು ಎನ್ನಲು ಕಾರಣ ಹೊಳೆಯಲಿಲ್ಲ. ಟವೆಲ್ಲಿನ ಕೆಳಗೇ ಕೈ ತೂರಿಸಿ ಪಿನ್ನನ್ನು ತಡವಿ ಸಿಕ್ಕಿಸಿದ. ಫ್ಯಾನು ಕೆಮ್ಮಿತು.

"ಇದು ಭಾನುವಾರದ ಹಾಜರಿ," ಭಾವನ ದನಿ ಕೋಣೆ ತುಂಬಿತು. "ಕರೆದಾಗ ಸಂಕೇತ, ಜಾಗ, ಪವರ್. ಒಬ್ಬರು ಗುಂಡಿ ಒತ್ತಿರೋವಾಗ ಇನ್ನೊಬ್ಬರು ಒತ್ತೋ ಹಾಗಿಲ್ಲ, ಯಾರೇ ಆಗ್ಲಿ, ಏನೇ ಆಗ್ಲಿ, ಇದು ನಾನು ಯಾವತ್ತೂ ಹೇಳೋ ಮಾತು. ಡಾಕ್ಟ್ರೇ, ನಿಮ್ಮಿಂದ ಶುರು. ಓವರ್."

ದಂತವೈದ್ಯರು ಕ್ಲಿನಿಕ್ಕಿನ ಮೇಲಿನ ಮನೆಯಿಂದ, ಐವತ್ತು ವ್ಯಾಟ್. ಡ್ರೈವಿಂಗ್ ಸ್ಕೂಲಿನ ಮೇಡಂ ತಮ್ಮ ಕಾರಿನಿಂದ, ಐವತ್ತು ವ್ಯಾಟ್, "ಕಾರು ನಿಂತಿದೆ, ಚಿಂತೆ ಬೇಡ, ಓವರ್." ಬೇಕರಿಯವನನ್ನು ಭಾವ ಕರೆಯಲೇ ಇಲ್ಲ. ಆಮೇಲೆ ಒಂದು ಸಣ್ಣ ಬಿಡುವು, ಬಿಡುವಿನಲ್ಲಿ ಒಂದು ಮುಗುಳ್ನಗೆಯ ಸದ್ದು ಇದ್ದಂತೆ ಅವನಿಗೆ ಕೇಳಿಸಿತು. "ಈಗ ನಮ್ಮ ಕಿವಿಯವರು. ಇವತ್ತು ಬಾಯಿ ಕೂಡ ಬರತ್ತೆ ಅಂದಿದ್ರು. ಮೂರು ಸಲ ಕರೀತೀನಿ. ಮೊದಲನೇ ಸಲ. ಓವರ್."

ಅವನು ಒತ್ತಿದ. ಟಕ್. ಕತ್ತಲೆ. ಪಿನ್ನು ಕಿತ್ತ, ಸಿಕ್ಕಿಸಿದ, ಬರಲಿಲ್ಲ, ಮತ್ತೆ ಕಿತ್ತು ಊದಿದ, ಯಾಕೆ ಊದಿದನೋ, ಮತ್ತೆ ಸಿಕ್ಕಿಸಿದ. ಜೀವ ಬಂತು. "...ರಡನೇ ಸಲ. ಓವರ್." ಒತ್ತಿದ. ಟಕ್.

"ಛೆ," ಎಂದಳು ಪಕ್ಕದ ಕೋಣೆಯಿಂದ ಮಗಳು, ಅವನ ಪರವಾಗಿ.

"ಏನಾಯ್ತ್ರೀ?" ಎಂದಳು ಹೆಂಡತಿ.

"ತಡೀತಿಲ್ಲ." ಟವೆಲ್ಲು ಜಾರಿ ನೆಲಕ್ಕೆ ಬಿದ್ದಿತ್ತು, ಎತ್ತಿಕೊಳ್ಳಲು ಸಮಯವಿರಲಿಲ್ಲ, ಪೆಟ್ಟಿಗೆ ತನ್ನೆಲ್ಲ ತಂತಿಗಳೊಂದಿಗೆ ಬೆತ್ತಲೆಯಾಗಿ ಕೂತಿತ್ತು. ಕಿತ್ತ, ಸಿಕ್ಕಿಸಿದ. ಫ್ಯಾನು, ಬಲ್ಬು, ಅಂಕಿ. "ಕೊನೇ ಸಲ," ಅನ್ನುತ್ತಿದ್ದರು ಭಾವ, "ಪಾಪ, ಕಾರು ಎಲ್ಲೋ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರಬೇಕು. ಮೂರನೇ ಸಲ. ಓವರ್." ಯಾರೋ ಗುಂಡಿ ಒತ್ತಿ ನಕ್ಕು ಬಿಟ್ಟರು. ಅವನ ಎಡಗೈಯ ಬೆರಳು, ಅವನನ್ನು ಕೇಳದೆ, ರೇಡಿಯೊದ ಮೂಲೆಯ ಆ ಪುಟ್ಟ ಗುಂಡಿಯನ್ನು ಒತ್ತಿತು. ಐವತ್ತು ಇಳಿದು ಐದಾಯಿತು. ಬಲಗೈಯ ಹೆಬ್ಬೆರಳು ಮೈಕಿನ ಗುಂಡಿಯನ್ನು ಒತ್ತಿತು.

ಸಾಯಲಿಲ್ಲ. ಫ್ಯಾನು ಸ್ವಲ್ಪ ದಣಿದಂತೆ ದನಿ ಬದಲಿಸಿ ತಿರುಗುತ್ತಲೇ ಇತ್ತು. ಬಲ್ಬು ಉರಿಯುತ್ತಲೇ ಇತ್ತು. ರೇಡಿಯೊದ ಕಿಟಕಿಯಲ್ಲಿ, ಅವನು ಈವರೆಗೆ ತನ್ನ ಸೆಟ್ಟಿನಲ್ಲಿ ಕಂಡೇ ಇರದ, ದನಿ ಹೊರಗೆ ಹೋಗುತ್ತಿದೆ ಎನ್ನುವ ಒಂದು ಕೆಂಪು ಚುಕ್ಕೆ ಮೂಡಿತ್ತು. ಊರಿನ ಮೇಲೆ ಅವನ ಮೌನ ಹರಡುತ್ತಿತ್ತು. ದಂತವೈದ್ಯರ ಮನೆಯಲ್ಲಿ, ನಿಂತ ಕಾರಿನಲ್ಲಿ, ಭಾವನ ಎತ್ತರದ ಆಂಟೆನಾ ಕಂಬದ ಕೆಳಗೆ, ಎಲ್ಲರೂ ಅವನು ಬಾಯಿ ಬಿಡುವುದನ್ನು ಕಾಯುತ್ತಿದ್ದರು, ಮತ್ತು ಅವನಿಗೆ ತನ್ನ ಕರೆಯ ಸಂಕೇತದ ಮೊದಲ ಅಕ್ಷರವೇ ಮರೆತುಹೋಗಿತ್ತು. ಪ್ರಪಂಚ ಗಾಜಿನ ಆಚೆ ಬಾಗಿ ನಿಂತು ಏನಂದ್ರಿ ಎನ್ನುತ್ತಿದೆ, ತಾನು ಇನ್ನೂ ಏನೂ ಅಂದೇ ಇಲ್ಲ. ಆ ಮೌನದಲ್ಲಿ, ಬಟ್ಟೆಗಳ ಗುಡ್ಡದ ಮೇಲಿನಿಂದ, ಹೆಂಡತಿ ಸ್ಪಷ್ಟವಾಗಿ, ಸಮಾಧಾನವಾಗಿ ಕೇಳಿದಳು:

"ಅದು ನನ್ನ ಕಂಪ್ಯೂಟರಿನ ಫ್ಯಾನಲ್ವೇನ್ರೀ?"

ಬೆರಳು ತೆಗೆಯಬೇಕಿತ್ತು. ತೆಗೆಯಬೇಕೆಂದು ಮೆದುಳು ಹೇಳಿದ್ದೂ ಹೌದು. ಆದರೆ ಮಧ್ಯಾಹ್ನವಿಡೀ ಒತ್ತಿದರೆ ಸಾಯುವ ಪೆಟ್ಟಿಗೆಯನ್ನು ಒತ್ತಿ ಒತ್ತಿ, ಕೊನೆಗೆ ಸಾಯದೆ ಉಳಿದದ್ದನ್ನು ಬಿಟ್ಟರೆ ಮತ್ತೆ ಬರುವುದೋ ಇಲ್ಲವೋ ಎಂಬ ಭಯಕ್ಕೆ ಬೆರಳು ಕಚ್ಚಿಕೊಂಡಿತ್ತು. "ಹೌದು," ಎಂದ ಅವನು. ಹ್ಯಾಮ್ ರೇಡಿಯೊದಲ್ಲಿ ಅವನು ಆಡಿದ ಮೊದಲ ಮಾತು ಅದು.

"ಬೋರ್ಡು ಹೋಗಿದೆ ಅಂದ್ರಿ."

"ಬೋರ್ಡು ಹೋಗಿರ್ಲಿಲ್ಲ."

"ಗೊತ್ತು. ಮೊನ್ನೆ ಅಡುಗೆಮನೇಲೇ ಗೊತ್ತಾಯ್ತು. ದಿನಾ ಮಧ್ಯಾಹ್ನ ಕೇಳೋ ಬಿಕ್ಕಳಿಕೆ ನಂಗೆ ಗೊತ್ತಾಗಲ್ವಾ? ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಧೂಳು ಒರೆಸ್ತಾನೇ ಇದ್ದೆ."

ಆಗ ಬೆರಳು ಸಡಿಲವಾಯಿತು. ಕೆಂಪು ಚುಕ್ಕೆ ಆರಿತು. ಆಮೇಲೆ ದಂತವೈದ್ಯರ ದನಿ, ಪದ್ಧತಿಯಂತೆ ವರದಿ ಒಪ್ಪಿಸುವ ದನಿ: "ಸಿಗ್ನಲ್ ಬಹಳ ಚೆನ್ನಾಗಿದೆ. ಒಂದೊಂದು ಮಾತೂ ಸ್ಪಷ್ಟ. ಹಿನ್ನೆಲೆಯಲ್ಲಿ ಫ್ಯಾನಿನ ಸದ್ದು ಸ್ವಲ್ಪ ಇದೆ. ಓವರ್."

"ಬೋರ್ಡು ಅಂತ ನಮ್ಮನೆಯವರೂ ಒಂದು ಸಲ ಹೇಳಿದ್ರು," ಎಂದರು ಡ್ರೈವಿಂಗ್ ಸ್ಕೂಲಿನ ಮೇಡಂ. "ಓವರ್."

"ಕಿವಿಯವರೇ," ಭಾವನ ದನಿಯಲ್ಲಿ ತಂಗಿಯ ದನಿ ಕೇಳಿದ ಗಲಿಬಿಲಿಯೂ, ಆ ಗಲಿಬಿಲಿಯನ್ನು ಮುಚ್ಚುವ ಬಿಗಿಯೂ ಇತ್ತು. "ಮನೆ ವಿಷಯ ಮನೇಲಿಟ್ಕೊಳ್ಳಿ. ಹಾಜರಿಗೆ ಬನ್ನಿ. ಜಾಗ, ಪವರ್. ಓವರ್."

ಸಂಕೇತ ಈಗ ನೆನಪಾಯಿತು, ಬಚ್ಚಲಲ್ಲಿ ನೂರು ಸಲ ಉರುಹೊಡೆದದ್ದು. ಹೇಳಿದ. "ಮನೆಯಿಂದ. ಸಾಮಾನಿನ ಕೋಣೆಯಿಂದ. ಐದು ವ್ಯಾಟ್. ಓವರ್." ಹೇಳಿಬಿಟ್ಟ. ಕಿವಿ ಬಿಸಿಯಾಯಿತು. ಆಚೆಯಿಂದ ನಗು ಬರುವುದನ್ನು ಕಾಯುತ್ತ ಅವನು ಬೇಕರಿಯವನ ಮುಖವನ್ನು ಮೊದಲ ಬಾರಿಗೆ ಪೂರ್ತಿಯಾಗಿ ಕಂಡ, ಹುಬ್ಬಿನ ಮೇಲಿನ ಹಿಟ್ಟಿನೊಂದಿಗೆ.

"ಐದಾ?" ಎಂದರು ಭಾವ. "ಅಂದ್ರೆ ತಂಗಿ ಕಂಪ್ಯೂಟರ್ ಕೊಂದು ಹುಟ್ಟಿಸಿದ್ದು ಐದು ವ್ಯಾಟು! ಇಷ್ಟಕ್ಕೆ ಅದನ್ನ ಬಲಿ ಕೊಡ್ಬೇಕಾಗಿತ್ತಾ? ಅವಳಿಗೇನು ಬಿಡಿ, ಇಸ್ಪೀಟು ಆಡ್ತಾ ಕಾಲ ಕಳೀತಿದ್ಳು. ಸೆಟ್ಟು ಇಟ್ಕೊಳ್ಳಿ. ಓವರ್."

ಸೆಟ್ಟು ಉಳಿಯಿತು. ಗೆದ್ದಂತಾಯಿತು. ಗೆದ್ದಾಗ ಎದೆಯಲ್ಲಿ ಏನೋ ಧಾರೆಯಾಗಿ ಸುರಿಯಬೇಕಿತ್ತು. ನಾಲಗೆಯ ಮೇಲೆ ಆರಿದ ಚಹಾದ ಒಗರು ಮಾತ್ರ ಇತ್ತು. ಅವನು ತಿರುಗಿ ನೋಡಿದ. ಅವಳು ಎದ್ದು ನಿಂತಿದ್ದಳು. ಇಸ್ಪೀಟು ಆಡ್ತಾ ಕಾಲ ಕಳೀತಿದ್ಳು ಎಂಬಲ್ಲಿಗೆ ಅವಳ ಮುಖ, ಆಟದಲ್ಲಿ ಒಂದು ಎಲೆಯನ್ನು ಎಲ್ಲಿ ಇಡುವುದೆಂದು ತೀರ್ಮಾನವಾದಾಗ ಆಗುವಂತೆ, ನಿಶ್ಚಲವಾಗಿತ್ತು.

"ಅಲ್ಲಿ ನಾನು ಮಾತಾಡ್ಬಹುದಾ?" ಎಂದಳು.

"ನಿಂಗೆ ಲೈಸೆನ್ಸ್ ಇಲ್ವಲ್ಲ."

"ಚಿಕ್ಕೋಳಿದ್ದಾಗ ಅಣ್ಣ ಮಾತಾಡಿಸ್ತಿದ್ದ. ಅವನ ಬೆರಳು ಗುಂಡಿ ಮೇಲಿರ್ಬೇಕು ಅಷ್ಟೆ, ಅಂತಿದ್ದ. ಈಗಲೂ ಹಾಗೇನಾ?"

ಈಗಲೂ ಹಾಗೇ. ಲೈಸೆನ್ಸ್ ಇದ್ದವನ ಬೆರಳು ಗುಂಡಿಯ ಮೇಲಿದ್ದರೆ ಪಕ್ಕದವರು ನಾಲ್ಕು ಮಾತಾಡುವುದು ಕ್ಲಬ್ಬಿನಲ್ಲಿ ನಡೆದು ಬಂದದ್ದು. ಅವನು ಅವಳನ್ನು ನೋಡಿದ, ಮೈಕನ್ನು ನೋಡಿದ. ಅವಳು ಏನು ಹೇಳುತ್ತಾಳೆಂದು ಗೊತ್ತಿರಲಿಲ್ಲ. ಯಾರ ಬಗ್ಗೆ ಹೇಳುತ್ತಾಳೆಂದು ಮಾತ್ರ ಗೊತ್ತಿತ್ತು. ಗುಂಡಿ ಒತ್ತಿ, ಸಂಕೇತ ಹೇಳಿ, "ನಮ್ಮ ಮನೆಯವರು ಮಾತಾಡ್ತಾರೆ" ಎಂದು, ಬೆರಳು ತೆಗೆಯದೆ ಮೈಕನ್ನು ಅವಳ ಬಾಯಿಯ ಮುಂದೆ ಹಿಡಿದ.

"ಎಲ್ಲರಿಗೂ ನಮಸ್ಕಾರ," ಎಂದಳು ಅವಳು, ಶಿಶುವಿಹಾರದ ಪೋಷಕರ ಸಭೆಯಲ್ಲಿ ಮಾತಾಡುವ ದನಿಯಲ್ಲಿ. "ಇವರು ಮಾಡಿದ್ದು ತಪ್ಪು. ನನ್ನ ಕಂಪ್ಯೂಟರ್ ಬಿಚ್ಚಿ, ಕತ್ತರಿಸಿ, ಮತ್ತೆ ಮುಚ್ಚಳ ಹಾಕಿಟ್ಟು, ಡಾಕ್ಟರ ಹಾಗೆ ಸುಳ್ಳು ಹೇಳಿದ್ರು. ಅದೂ ಎಂಥ ಸುಳ್ಳು! ಹಾರ್ಟ್ ಇದ್ದ ಹಾಗೆ ಅಂದ್ರು. ನನ್ನ ಹೇರ್‌ಪಿನ್ನೂ ಅದರಲ್ಲೇ ಇದೆ, ಈಗ ಕಾಣ್ತಿದೆ ನಂಗೆ. ಟವೆಲ್ಲು ಬೇರೆ ಹೊದಿಸಿದ್ರು." ಬೆರಳನ್ನು ಒಂದು ಕೂದಲೆಳೆ ಎತ್ತಿದರೆ ಸಾಕು, ಊರಿಗೆ ಈ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಪೆಟ್ಟಿಗೆ ಸತ್ತಿತು ಎಂದರೆ ಯಾರು ಬೇಡವೆನ್ನುತ್ತಾರೆ? ಇವತ್ತು ಇಷ್ಟು ಸಲ ಸತ್ತ ಪೆಟ್ಟಿಗೆ. "ಇವರ ಹತ್ರ ಅದಕ್ಕೆ ನಾನು ಬೇರೆ ಮಾತಾಡ್ತೀನಿ. ಈಗ ಅಣ್ಣಾ, ನಿಂಗೆ. ಕಾರಿಲ್ಲ ಅಂತ ಗೊತ್ತಿದ್ದೂ ಕಾರಿನ ರೇಡಿಯೊ ಕೊಟ್ಟು ನಾಲ್ಕು ಜನರ ಮುಂದೆ ನಕ್ಕೋನು ಯಾರು? ಇವರಿಗೆ ಹೆಸರಿಟ್ಟೋನು ಯಾರು? ಇಸ್ಪೀಟು ಆಡ್ತಾ ಕಾಲ ಕಳೀತಿದ್ಳು ಅಂದೆ. ದಿನಾ ಎಷ್ಟು ಹೊತ್ತು ಅಂತ ಗೊತ್ತಾ ನಿಂಗೆ? ನೀನು ನಿನ್ನ ಕಂಬದ ಕೆಳಗೆ ಕೂತು ಮಾತಾಡ್ತೀಯಲ್ಲ, ಅತ್ತಿಗೆ ಊಟಕ್ಕೆ ಕರೆದು ಕರೆದು ತಣ್ಣಗಾಗೋವರೆಗೆ, ಅದು ಕಾಲ ಕಳೆಯೋದಲ್ವಾ?"

ಪಕ್ಕದ ಕೋಣೆಯಲ್ಲಿ ಪುಟ ತಿರುಗುವ ಸದ್ದು ನಿಂತಿತು. ಮಗಳು ಬಂದು ಬಾಗಿಲಿಗೆ ಒರಗಿದಳು. ಆಚೆ, ಊರಿನ ಇನ್ನೊಂದು ತುದಿಯಲ್ಲಿ, ಭಾವ ಮೈಕು ಹಿಡಿದು ಕೂತಿರಬೇಕು; ಐವತ್ತಲ್ಲ, ಬೇಕಾದರೆ ನೂರು ವ್ಯಾಟ್ ಇದೆ ಅವರ ಬಳಿ, ಆದರೆ ಒಬ್ಬರು ಒತ್ತಿರುವಾಗ ಇನ್ನೊಬ್ಬರು ಒತ್ತುವಂತಿಲ್ಲ, ಯಾರೇ ಆಗಲಿ, ಏನೇ ಆಗಲಿ. ಅವರ ಬಾಯಿ ತೆರೆದು ಮುಚ್ಚುವುದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ನಗು ಬಂತು, ತಡೆದುಕೊಂಡ. ಅವಳು ಈಗ ಮದುವೆಗೂ ಹಿಂದಿನ ಕಾಲಕ್ಕೆ ಹೋಗಿದ್ದಳು. ಅಣ್ಣನ ಆಂಟೆನಾ ಹಿಡಿದುಕೊಂಡು ಬಿಸಿಲಲ್ಲಿ ಮಾಳಿಗೆಯ ಮೇಲೆ ನಿಂತವಳು ತಾನು, ಕೆಳಗೆ ಕೂತು ಹೆಸರು ಮಾಡಿದವನು ಅವನು. ಅಲ್ಲಿಂದ ಮತ್ತೆ ಗಂಡನ ಸುಳ್ಳಿಗೆ ಬಂದಳು, ಅಲ್ಲಿಂದ ಸೋಲದೆ ಗೆದ್ದು ಬಂದ ಆಟಗಳಿಗೆ. ಇಷ್ಟು ಮಾತು ಇವಳಲ್ಲಿ ಇತ್ತೆಂಬುದು ಅವನಿಗೆ ತಿಳಿದಿರಲಿಲ್ಲ. ಪೆಟ್ಟಿಗೆಯ ತಗಡು ಬಿಸಿಯಾಗಿ ಧೂಳು ಸುಡುವ ಸಣ್ಣ ವಾಸನೆ ಬರತೊಡಗಿತ್ತು. ಹೆಬ್ಬೆರಳಿನ ತುದಿ ಬೆಳ್ಳಗಾಗಿ, ಜೋಮು ಹಿಡಿದು, ನೋವು ಮಣಿಕಟ್ಟಿನವರೆಗೆ ಏರಿತ್ತು. ಅವನು ಬಲಗೈಯ ಬೆರಳಿನ ಮೇಲೆ ಎಡಗೈಯ ಬೆರಳನ್ನೂ ಇಟ್ಟು ಒತ್ತಿದ.

ಅವಳು ಉಸಿರು ತೆಗೆದುಕೊಳ್ಳಲು ನಿಂತು, ಅವನ ಕೈಗಳನ್ನು ನೋಡಿದಳು.

"ಕೇಳ್ತಿದಾರಾ ಎಲ್ಲರೂ?"

ಅವನು ಹೂಂ ಎಂದು ತಲೆಯಾಡಿಸಿದ.

"ಬಿಡ್ಬೇಡಿ ಮತ್ತೆ," ಎಂದಳು. "ಇನ್ನೂ ಇದೆ."